ನೀರು ಬಿಟ್ಟು ಎದ್ದ ದೋಣಿ

ಸಂಜೆ ಗೋವಾದ ಮಿರಾಮಾರ್ ಬೀಚಲ್ಲಿ ಕೂತು ಮೊಬೈಲಲ್ಲಿ ಎಸಿ75 ಅನ್ನುವ ಒಂದು ರೇಸಿಂಗ್ ಹಾಯಿದೋಣಿಯ ಮೊದಲ ಪರೀಕ್ಷಾ ಓಟದ ವಿಡಿಯೋ ನೋಡಿದೆ. ಸ್ವಲ್ಪ ಹೊತ್ತು ಅದು ಬೇರೆ ದೋಣಿಗಳ ಹಾಗೇ ನೀರು ಸೀಳುತ್ತಿತ್ತು. ಆಮೇಲೆ ಎದ್ದೇಬಿಟ್ಟಿತು! 75 ಅಡಿ ಉದ್ದದ ದೋಣಿಯ ಒಡಲು ಪೂರ್ತಿ ಗಾಳಿಯಲ್ಲಿ. ತಳದಿಂದ ನೀರು ಸಾಲಾಗಿ ತೊಟ್ಟಿಕ್ಕುತ್ತಿತ್ತು. ಮೈ ಜುಮ್ಮೆಂದಿತು.

ಕೆಳಗೆ ಫಾಯಿಲ್ ಅನ್ನುವ ರೆಕ್ಕೆ ಇರುತ್ತದೆ. ವಿಮಾನದ ರೆಕ್ಕೆಯ ಕೆಲಸವನ್ನೇ ನೀರೊಳಗೆ ಮಾಡುತ್ತದೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ದಟ್ಟ, ಅದಕ್ಕೇ ಅಷ್ಟು ಚಿಕ್ಕ ರೆಕ್ಕೆ ಸಾಕು. ಒಡಲು ಮೇಲೆದ್ದರೆ ನೀರಿನ ಎಳೆತ ತುಂಬಾ ಕಮ್ಮಿ. ವೇಗ 50 ನಾಟ್ ದಾಟುತ್ತದೆ, ಅಂದರೆ ಗಂಟೆಗೆ 90 ಕಿ.ಮೀ.ಗಿಂತ ಜಾಸ್ತಿ. ಓಡಿಸುವುದು ಬರೀ ಗಾಳಿ!

ಎದುರಿಗೆ ಮಾಂಡೋವಿ ನದಿ ಸಮುದ್ರ ಸೇರುತ್ತಿತ್ತು. ತಾರಿಣಿ ನೆನಪಾಯಿತು. ಇದೇ ಗೋವಾದಲ್ಲಿ ಕಟ್ಟಿದ ಹಾಯಿದೋಣಿ. ನೌಕಾಪಡೆಯ 6 ಹೆಣ್ಣುಮಕ್ಕಳು 2017-18ರಲ್ಲಿ ಅದರಲ್ಲೇ ಭೂಮಿ ಸುತ್ತಿ ಬಂದರು. ಅದು ಹಾರಲಿಲ್ಲ, ಒಂದೊಂದೇ ಅಲೆ ಹತ್ತಿ ಇಳಿಯಿತು. ಎರಡೂ ಗಾಳಿಯನ್ನೇ ನಂಬಿದ ದೋಣಿಗಳು ಅಲ್ವಾ?

ಪಕ್ಕದಲ್ಲಿದ್ದ ಗದಗಿನ ಗೆಳೆಯ ಮೊಬೈಲ್ ಕಡೆ ಬಾಗಿ, "ಇನ್ನೊಮ್ಮೆ ಹಾಕು, ಅದು ಏಳುತ್ತಲ್ಲ, ಅಷ್ಟೇ" ಅಂದ.