ಲೇಸಿನ ಅಂಚಿಗೆ ಮೂಲೆ ಕೂರಿಸುವುದು

ಬಾಬಿನ್ ಲೇಸ್ ಅಂದರೆ ಬಾಬಿನ್ ಅನ್ನುವ ಚಿಕ್ಕ ಕಡ್ಡಿಗಳಿಗೆ ದಾರ ಸುತ್ತಿ, ದಿಂಬಿನ ಮೇಲೆ ಪಿನ್ ಚುಚ್ಚುತ್ತಾ ಹೆಣೆಯುವ ಲೇಸ್. ಅದರ ವಿನ್ಯಾಸದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದ ಕೆಲಸ ಮೂಲೆ. ನಾನಿರುವ ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ಗೆ ಓಲ್ನಿ ಊರು ಹತ್ತಿರ. ಅಲ್ಲಿನ ಕೂಪರ್ ಆಂಡ್ ನ್ಯೂಟನ್ ಮ್ಯೂಸಿಯಂನಲ್ಲಿ ಈ ಸೀಮೆಯ ಹಳೆಯ ಲೇಸ್ ನೋಡಬಹುದು. ಗಜದ ಲೆಕ್ಕದಲ್ಲಿ ಮಾರಲು ಮಾಡುತ್ತಿದ್ದ ಪಟ್ಟಿಗಳಿಗೆ ಮೂಲೆ ಬೇಕಿರಲಿಲ್ಲ. ಬಟ್ಟೆ ತಿರುಗುವ ಕಡೆ ನೆರಿಗೆ ಹಿಡಿದು ಹೊಲಿದರೆ ಮುಗಿಯಿತು. ಅಂಥ ಪಟ್ಟಿಯನ್ನು ಕರ್ಚೀಫಿನ ಅಂಚಿಗೆ ನೀಟಾಗಿ ಕೂರಿಸಬೇಕು ಅಂದರೆ ಮೂಲೆಯ ನಕ್ಷೆಯನ್ನು ನಾವೇ ಬರೆಯಬೇಕು.

ಈ ಲೇಸಿನಲ್ಲಿ ಇರುವುದು ಎರಡೇ ಚಲನೆ. ಎರಡು ಜೊತೆ ಬಾಬಿನ್ ತಗೊಳ್ಳಿ. ನಡುವಿನ ಎರಡರಲ್ಲಿ ಎಡದ್ದನ್ನು ಬಲದ್ದರ ಮೇಲೆ ದಾಟಿಸಿದರೆ ಕ್ರಾಸ್. ಪ್ರತಿ ಜೊತೆಯಲ್ಲೂ ಬಲದ್ದನ್ನು ಎಡದ್ದರ ಮೇಲೆ ತಂದರೆ ಟ್ವಿಸ್ಟ್. ಉಳಿದಿದ್ದೆಲ್ಲ ಪಿನ್ ಎಲ್ಲಿ ಚುಚ್ಚುತ್ತೀರಿ ಅನ್ನುವುದರ ಮೇಲೆ. ಆ ಪಿನ್ನುಗಳ ನಕ್ಷೆಗೆ ಪ್ರಿಕಿಂಗ್ ಅನ್ನುತ್ತಾರೆ.

ಟಾರ್ಶನ್ ಅನ್ನುವ ಬಗೆಯ ಲೇಸಿನಲ್ಲಿ ಪಿನ್ ಚುಚ್ಚುವ ಚುಕ್ಕಿಗಳು 45 ಡಿಗ್ರಿಯ ಓರೆಯಲ್ಲಿರುತ್ತವೆ. ಸಂದು ಚುಕ್ಕಿ ರಂಗೋಲಿ ಇಟ್ಟವರಿಗೆ ಇದು ಪರಿಚಿತವೇ. ಪ್ರಿಕಿಂಗ್ ಮೇಲೆ ಆ ಓರೆಗೆ ಒಂದು ಚಿಕ್ಕ ಕನ್ನಡಿ ನಿಲ್ಲಿಸಿ, ಪಟ್ಟಿಯುದ್ದಕ್ಕೂ ಮೆಲ್ಲಗೆ ಸರಿಸಬೇಕು. ಒಂದೊಂದು ಚುಕ್ಕಿಗೂ ಬೇರೆಯದೇ ಮೂಲೆ ಕಾಣಿಸುತ್ತದೆ! ಜೇಡದಂತೆ ಕಾಣುವ ಸ್ಪೈಡರ್ ಸರಿಯಾಗಿ ನಡುವೆ ಬಂದು, ಹೊರ ಅಂಚಿನ ಬೀಸಣಿಗೆಯಾಕಾರದ ಫ್ಯಾನ್ ದುಂಡಗೆ ತಿರುಗುವ ಜಾಗವನ್ನು ನಾನು ಆರಿಸಿಕೊಳ್ಳುತ್ತೇನೆ. ಹೆಣೆಯುವಾಗ ಆ ಓರೆಗೆರೆಯ ತನಕ ಬಂದು, ದಿಂಬನ್ನು ಕಾಲು ಸುತ್ತು ತಿರುಗಿಸಿ ಮುಂದುವರಿಯುವುದು.

ಬಕ್ಸ್ ಪಾಯಿಂಟ್ ಅನ್ನುವ ಇನ್ನೊಂದು ಬಗೆಯ ಲೇಸ್ ಇಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಅದರ ಜಾಲರಿಗೆ ಒಂದು ಕ್ರಾಸ್, ಮೂರು ಟ್ವಿಸ್ಟ್, ಆಮೇಲೆ ಪಿನ್. ಅದಕ್ಕೇ ಕಣ್ಣುಗಳು ಆರು ಮೂಲೆಯಾಗಿ ಕಾಣುತ್ತವೆ. ಅಲ್ಲಿ ಚುಕ್ಕಿಗಳ ಓರೆ 45 ಡಿಗ್ರಿಯಲ್ಲ. ಹಾಗಾಗಿ ಕನ್ನಡಿ ಇಟ್ಟರೆ ಎರಡು ಕಡೆಯ ಸಾಲುಗಳು ಕೂಡುವುದೇ ಇಲ್ಲ. ಚುಕ್ಕಿಗಳನ್ನು ಎಳೆದು ಹೊಂದಿಸಿದರೆ ಜಾಲರಿ ಸೊಟ್ಟಗಾಗುತ್ತದೆ. ಅದು ನನಗೆ ಒಪ್ಪಿಗೆಯಿಲ್ಲ. ಮೂಲೆಯಲ್ಲೊಂದು ಹೂವು ಇಡುವುದೇ ವಾಸಿ. ದಳಗಳನ್ನು ಬಟ್ಟೆಯ ನೇಯ್ಗೆಯಂತೆ ಕಾಣುವ ಕ್ಲಾತ್ ಸ್ಟಿಚ್‌ನಲ್ಲಿ ತುಂಬಿ, ಸುತ್ತಲೂ ಗಿಂಪ್ ಅನ್ನುವ ದಪ್ಪ ದಾರ ಹಾಯಿಸಿದರೆ, ಎರಡೂ ಕಡೆಯ ಜಾಲರಿ ಬಂದು ಆ ಹೂವಿಗೇ ಸೇರುತ್ತದೆ. ಒಂದು ಕಡೆಯ ಸಾಲು ಇನ್ನೊಂದು ಕಡೆಯದನ್ನು ನೇರವಾಗಿ ಮುಟ್ಟುವ ಪ್ರಮೇಯವೇ ಬರುವುದಿಲ್ಲ. ಹಳೆಯ ಪಟ್ಟಿಯ ಜಾಲರಿ, ಹೊಲಿಗೆ ಎಲ್ಲ ಇದ್ದ ಹಾಗೇ ಉಳಿಯುತ್ತವೆ. ಹೊಸದಾಗಿ ಸೇರುವುದು ಆ ಹೂವು ಮಾತ್ರ. ಹಳೆಯದನ್ನು ಬದಲಾಯಿಸುವಾಗ ಇಷ್ಟಾದರೂ ಮರ್ಯಾದೆ ಬೇಕು, ಅಲ್ವಾ?

ಹೊಸದಾಗಿ ಬರೆಯುವವರು ಇಡೀ ಕರ್ಚೀಫ್ ಶುರು ಮಾಡುವ ಮುಂಚೆ ಮೂಲೆಯೊಂದನ್ನೇ ಹೆಣೆದು ನೋಡಿ. ನಾನು ಒಂದು ಜೊತೆ ಬಾಬಿನ್‌ಗೆ ಬಣ್ಣದ ದಾರ ಸುತ್ತಿಕೊಳ್ಳುತ್ತೇನೆ. ಅದು ಹೂವಿನ ಒಳಗೆ ಎಲ್ಲಿ ಹೋಯಿತು, ತಿರುವಿನ ಆಚೆ ಎಲ್ಲಿ ಹೊರಬಂತು ಅನ್ನುವುದು ಕಣ್ಣಿಗೆ ನೇರವಾಗಿ ಕಾಣುತ್ತದೆ. ಎಲ್ಲಿ ಜೊತೆ ಸಾಲದು, ಎಲ್ಲಿ ಹೆಚ್ಚಾಯಿತು ಅಂತ ಅಲ್ಲೇ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಬಹುದು.