ಹುಂಜವಿಲ್ಲದ ಗೂಡಿನಲ್ಲಿ ಮರಿ ಮಾಡಿಸುವುದು

ಸ್ಟಾರ್‌ಡ್ಯೂ ವ್ಯಾಲಿ ಎಂಬ, ಹೊಲ ಕೋಳಿಗೂಡು ನಡೆಸುವ ಕಂಪ್ಯೂಟರ್ ಆಟದಲ್ಲಿ ಕೋಳಿಗಳ ಸಂಖ್ಯೆ ಹೆಚ್ಚಿಸಿಕೊಳ್ಳಲು ಎರಡು ದಾರಿಗಳಿವೆ. ಆಟದೊಳಗೆ ಸಾಕುಪ್ರಾಣಿ ಮಾರುವ ಮಾರ್ನಿಯ ಅಂಗಡಿಯಲ್ಲಿ 800 ನಾಣ್ಯ ಕೊಟ್ಟು ಮರಿಯನ್ನು ಕೊಂಡು ತರಬಹುದು, ಇಲ್ಲವೇ ನಮ್ಮದೇ ಕೋಳಿ ಇಟ್ಟ ಮೊಟ್ಟೆಯನ್ನು ಕಾವು ಕೊಡುವ ಯಂತ್ರವಾದ ಇನ್‌ಕ್ಯುಬೇಟರ್‌ನಲ್ಲಿಟ್ಟು ಮರಿ ಮಾಡಿಸಬಹುದು. ದಾವಣಗೆರೆಯ ನಮ್ಮ ಮನೆಯಲ್ಲಿ ಸಂಜೆಯ ಹೊತ್ತು ಈ ಆಟವಾಡುವ ನನಗೆ ಎರಡನೆಯ ದಾರಿಯೇ ಹೆಚ್ಚು ಪ್ರಿಯವಾದದ್ದು. ಆಟ ಬಲ್ಲ ಗೆಳತಿಯರಲ್ಲಿ ಬಹುಪಾಲು ಜನ ಮರಿಗಳನ್ನು ಕೊಂಡುಬಿಡುತ್ತಾರೆ. ಅವರಿಗೆ ನಾನು ಹೇಳಬೇಕೆಂದಿರುವುದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಎರಿಕ್ ಬರೋನ್ ಎಂಬ ಒಬ್ಬನೇ ವ್ಯಕ್ತಿ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಕುಳಿತು ರೂಪಿಸಿ 2016ರ ಫೆಬ್ರವರಿಯಲ್ಲಿ ಹೊರತಂದ ಆಟವಿದು. ಮೊದಲ ಕೋಳಿಗೂಡಿನಲ್ಲಿ ನಾಲ್ಕು ಕೋಳಿಗಳಿಗಷ್ಟೇ ಜಾಗವಿರುತ್ತದೆ, ಇನ್‌ಕ್ಯುಬೇಟರ್ ಇರುವುದಿಲ್ಲ. 10,000 ನಾಣ್ಯ, 400 ಕಟ್ಟಿಗೆ ಮತ್ತು 150 ಕಲ್ಲು ಒದಗಿಸಿ ಗೂಡನ್ನು ದೊಡ್ಡದು ಮಾಡಿಸಿದಾಗ ಎಂಟು ಕೋಳಿಗಳಿಗೆ ಜಾಗವಾಗುವುದರ ಜೊತೆಗೆ ಇನ್‌ಕ್ಯುಬೇಟರ್ ಕೂಡ ಬರುತ್ತದೆ. ಅದರಲ್ಲಿ ಒಂದು ಸಲಕ್ಕೆ ಒಂದೇ ಮೊಟ್ಟೆ. ಕೋಳಿಮೊಟ್ಟೆಗೆ ಆಟದ ಲೆಕ್ಕದಲ್ಲಿ 9000 ನಿಮಿಷ, ಎಂದರೆ ಐದಾರು ದಿನ ಬೇಕು. ಬೇಸಾಯದ ಕೌಶಲದಲ್ಲಿ ಹತ್ತನೆಯ ಹಂತ ತಲುಪಿ ಕೋಳಿ ಸಾಕಣೆಯ ಪರಿಣತಿಯನ್ನು ಆರಿಸಿಕೊಂಡವರಿಗೆ ಅದರರ್ಧ ಸಾಕು. ಸಾಮಾನ್ಯವಾಗಿ ಬಿಳಿ ಮೊಟ್ಟೆಯಿಂದ ಬಿಳಿ ಕೋಳಿ, ಕಂದು ಮೊಟ್ಟೆಯಿಂದ ಕಂದು ಕೋಳಿ ಹುಟ್ಟುತ್ತದೆ. ಮರಿ ಹೊರಬಂದ ಬಳಿಕ ನಾವು ಗೂಡಿನೊಳಗೆ ಕಾಲಿಟ್ಟಾಗ ಆಟ ಅದಕ್ಕೊಂದು ಹೆಸರು ಕೇಳುತ್ತದೆ.

ಹಣದ ಲೆಕ್ಕ ನೋಡಿದರೂ ಮರಿ ಮಾಡಿಸುವುದೇ ಲಾಭ, ಏಕೆಂದರೆ ಮಾರಿದರೆ 50 ನಾಣ್ಯ ತರುವ, ಮೇಯನೇಸ್ ಮಾಡಿದರೆ 190 ನಾಣ್ಯ ತರುವ ಒಂದು ಮೊಟ್ಟೆಯನ್ನು ಬಿಟ್ಟುಕೊಟ್ಟರೆ 800 ನಾಣ್ಯದ ಮರಿ ಕೈಗೆ ಬರುತ್ತದೆ. ಆದರೂ ನನ್ನ ಮಟ್ಟಿಗೆ ಲಾಭಕ್ಕಿಂತ ಹೆಚ್ಚಿನದು, ಯಾವ ಕೋಳಿಯ ಮೊಟ್ಟೆಯನ್ನು ಇಡಬೇಕು, ಯಾವ ಬಣ್ಣ ಮುಂದುವರಿಯಬೇಕು, ಗೂಡಿನಲ್ಲಿ ಯಾರಿಗಾಗಿ ಜಾಗ ಬಿಡಬೇಕು ಎಂದು ಮುಂದಾಲೋಚಿಸುವ ಕೆಲಸ. ಗೂಡು ತುಂಬಿದ್ದರೆ ಮೊಟ್ಟೆ ಒಡೆಯುವುದಿಲ್ಲ. ಈ ಒಂದು ನಿಯಮವನ್ನು ನಾನು ಆಟದ ಅತ್ಯಂತ ಒಳ್ಳೆಯ ನಿಯಮಗಳಲ್ಲೊಂದೆಂದು ಎಣಿಸುತ್ತೇನೆ, ಏಕೆಂದರೆ ಸಾಕುವವರು ಮೊದಲು ಜಾಗವನ್ನು, ಆಮೇಲೆ ಮರಿಯನ್ನು ಯೋಚಿಸುವಂತೆ ಅದು ಮಾಡುತ್ತದೆ.

ಹೊಳಲ್ಕೆರೆ ಕಡೆಯ ಹಳ್ಳಿಯಿಂದ ಬಂದಿದ್ದ ಅಜ್ಜಿ ಒಮ್ಮೆ ಪಕ್ಕದಲ್ಲಿ ಕುಳಿತು ಇದನ್ನೆಲ್ಲ ನೋಡಿದರು. ಜೀವಮಾನವೆಲ್ಲ ಮನೆಯಂಗಳದಲ್ಲಿ ನಾಟಿಕೋಳಿ ಸಾಕಿದವರು ಅವರು. "ಹುಂಜಾನೇ ಇಲ್ದಂಗೆ ಮೊಟ್ಟೆ ಹೆಂಗೆ ಮರಿ ಆಗ್ತತವ್ವಾ?" ಎಂದು ಕೇಳಿದರು. "ಆಟದಾಗೆ ಹಂಗೇ ಐತೆ ಅಜ್ಜಿ" ಎಂದೆ. "ಹೋಗ್ಲಿ, ಕಾವಿಗೆ ಕೂರೋ ಹ್ಯಾಟೆನಾದ್ರೂ ಐತಾ?" ಎಂದರು. ಅದೂ ಇರಲಿಲ್ಲ.

ಅಜ್ಜಿಯ ಎರಡೂ ಪ್ರಶ್ನೆಗಳು ನ್ಯಾಯವಾದವು. ಹುಂಜದ ಸಂಗವಿಲ್ಲದೆಯೂ ಹ್ಯಾಟೆ ಮೊಟ್ಟೆಯಿಡುತ್ತದೆ, ಆದರೆ ಆ ಮೊಟ್ಟೆ ಮರಿಯಾಗುವುದಿಲ್ಲ. ಅಂಗಡಿಗೆ ಬರುವ ಫಾರಂ ಮೊಟ್ಟೆಗಳು ಸಾಮಾನ್ಯವಾಗಿ ಇಂಥವೇ. ಮೊದಲನೆಯ ಕೊರತೆಯನ್ನು ನಾನು ಸುಲಭವಾಗಿ ಒಪ್ಪಿಕೊಂಡೆ. ಎರಡನೆಯದು ಮಾತ್ರ ಮನಸ್ಸಿನಲ್ಲಿ ಉಳಿದಿದೆ, ಏಕೆಂದರೆ ಕಾವಿಗೆ ಕುಳಿತ ಹ್ಯಾಟೆ ಮಾಡುವ ಕೆಲಸ ಬರೀ ಬಿಸಿ ಕೊಡುವುದಲ್ಲ. ಮರಿಯಾಗಲು 21 ದಿನ, ಸುಮಾರು 37.5 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಅಷ್ಟೂ ದಿನ ಹ್ಯಾಟೆ ಹೊಸ ಮೊಟ್ಟೆ ಇಡುವುದನ್ನು ನಿಲ್ಲಿಸಿ, ಮೇವು ನೀರಿಗೆಂದು ಸ್ವಲ್ಪ ಹೊತ್ತು ಎದ್ದು ಬಂದು ಮತ್ತೆ ಹೋಗಿ ಕೂರುತ್ತದೆ, ಒಳಗಿನ ಭ್ರೂಣ ಚಿಪ್ಪಿಗೆ ಅಂಟಿಕೊಳ್ಳದಂತೆ ಮೊಟ್ಟೆಗಳನ್ನು ಕೊಕ್ಕಿನಿಂದ ಮತ್ತೆ ಮತ್ತೆ ಹೊರಳಿಸುತ್ತದೆ. ಕೊನೆಯ ಮೂರು ದಿನ ತೇವ ಹೆಚ್ಚಿರಬೇಕು, ಇಲ್ಲವಾದರೆ ಚಿಪ್ಪಿನೊಳಗಿನ ಪೊರೆ ಒಣಗಿ ಮರಿ ಅದರಲ್ಲೇ ಸಿಕ್ಕಿಕೊಳ್ಳುತ್ತದೆ. ಚಿತ್ರದುರ್ಗದ ಬೇಸಿಗೆಯ ಒಣಗಾಳಿಯಲ್ಲಿ ಅಜ್ಜಿ ಬುಟ್ಟಿಯಡಿಯ ಮರಳಿಗೆ ನೀರು ಚಿಮುಕಿಸುತ್ತಿದ್ದುದು ಇದಕ್ಕೇ. ಒಡೆಯುವ ಮುನ್ನವೇ ಮರಿ ಚಿಪ್ಪಿನೊಳಗಿಂದ ಚಿಂವ್ಗುಟ್ಟುತ್ತದೆ, ತಾಯಿ ಮೆಲ್ಲನೆ ಲೊಚಗುಟ್ಟಿ ಉತ್ತರಿಸುತ್ತದೆ. ಹೊರಬಂದ ಮರಿ ಹೊಟ್ಟೆಯೊಳಗೆ ಎಳೆದುಕೊಂಡ ಹಳದಿ ಲೋಳೆಯ ಬಲದಲ್ಲಿ ಎರಡು ಮೂರು ದಿನ ಕಾಳಿಲ್ಲದೆಯೂ ಬದುಕಬಲ್ಲದು. ಒಂದು ದಿನದ ಮರಿಗಳನ್ನು ಪೆಟ್ಟಿಗೆಯಲ್ಲಿ ದೂರದೂರಿಗೆ ಸಾಗಿಸಲು ಸಾಧ್ಯವಾಗಿರುವುದು ಇದರಿಂದಲೇ.

ಇಷ್ಟು ಸೊಗಸಾದ ಸಂಗತಿಯನ್ನು ಆಟ ಒಂದು ಯಂತ್ರಕ್ಕೆ ಒಪ್ಪಿಸಿಬಿಟ್ಟಿದೆ. ಬೆಳಗ್ಗೆ ಪ್ರತಿ ಕೋಳಿಯನ್ನು ಸವರಿದರೆ ಅದರ ಸ್ನೇಹ ಬೆಳೆಯುತ್ತದೆ, ಸ್ನೇಹ ಬೆಳೆದಂತೆ ದೊಡ್ಡ ಮೊಟ್ಟೆ ಸಿಗುತ್ತದೆ, ಮಳೆ ಬಂದರೆ ಕೋಳಿಗಳು ಹೊರಗೆ ಹೋಗುವುದಿಲ್ಲ, ಚಳಿಗಾಲಕ್ಕೆ ಹೀಟರ್ ಇಡಬೇಕು. ಇಷ್ಟನ್ನೆಲ್ಲ ಯೋಚಿಸಿದ ಆಟದಲ್ಲಿ ಒಂದು ಹ್ಯಾಟೆ ಮೂಲೆ ಹಿಡಿದು ಕೂತು, ಹತ್ತಿರ ಹೋದರೆ ಗರಿ ಕೆದರಿ ಗುರುಗುಟ್ಟುವ ದೃಶ್ಯವೂ ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! 2021ರ ಜುಲೈನಲ್ಲಿ ಬಂದ ಸಿಮ್ಸ್ 4 ಎಂಬ ಇನ್ನೊಂದು ಆಟದ ಕಾಟೇಜ್ ಲಿವಿಂಗ್ ಎಂಬ ಹೆಚ್ಚುವರಿ ಭಾಗದಲ್ಲಿ ಹುಂಜವೂ ಇದೆ, ಹುಂಜವಿದ್ದರೆ ಮರಿಯಾಗುವ ಮೊಟ್ಟೆಗಳೂ ಸಿಗುತ್ತವೆ, ಗೂಡಿಗೆ ನುಗ್ಗುವ ನರಿಯೂ ಇದೆ. ಆ ಒಂದು ವಿಷಯದಲ್ಲಿ ಅದು ಅಜ್ಜಿಯ ಅಂಗಳಕ್ಕೆ ಹತ್ತಿರ. ಆದರೂ ಕಾಯುವ ಸುಖದಲ್ಲಿ ಸ್ಟಾರ್‌ಡ್ಯೂ ವ್ಯಾಲಿಯೇ ಮೇಲೆಂದು ನನಗನಿಸುತ್ತದೆ. ಆಟದ ಒಂದು ಪೂರ್ತಿ ದಿನಕ್ಕೆ ನಮ್ಮ ಗಡಿಯಾರದಲ್ಲಿ ಸುಮಾರು 14 ನಿಮಿಷ ಹಿಡಿಯುವುದರಿಂದ, ಒಂದು ಮರಿಗಾಗಿ ನಾವು ಒಂದು ಗಂಟೆಗೂ ಹೆಚ್ಚು ಹೊತ್ತು ನಿಜವಾಗಿಯೂ ಕಾಯುತ್ತೇವೆ. ಅಷ್ಟರಲ್ಲಿ ಹೊಲಕ್ಕೆ ನೀರು ಹಾಕುವುದು, ಹುಲ್ಲು ಕೊಯ್ಯುವುದು, ಊರವರನ್ನು ಮಾತನಾಡಿಸುವುದು ಎಲ್ಲವೂ ನಡೆದಿರುತ್ತದೆ.

ಇನ್ನು ಕಪ್ಪು ಮೊಟ್ಟೆಯ ವಿಚಾರ. ಅಪರೂಪಕ್ಕೊಂದು ರಾತ್ರಿ ಮಾಟಗಾತಿಯೊಬ್ಬಳು ಗೂಡಿನ ಮೇಲೆ ಹಾರಿಹೋಗಿ ಕಪ್ಪು ಮೊಟ್ಟೆಯೊಂದನ್ನು ಬಿಟ್ಟಿರುತ್ತಾಳೆ. ಅದನ್ನು ಮರಿ ಮಾಡಿಸಿದರೆ ಕೆಂಪು ಕಣ್ಣಿನ ಕಪ್ಪು ಕೋಳಿ ಹುಟ್ಟುತ್ತದೆ, ಆಮೇಲೆ ಅದು ಇಡುವುದೂ ಕಪ್ಪು ಮೊಟ್ಟೆಯನ್ನೇ. ಕೆಲವರು ಇದನ್ನು ಅಪಶಕುನವೆಂಬಂತೆ ಮಾರಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಚರ್ಮ, ಮಾಂಸ ಎರಡೂ ಕಪ್ಪಾಗಿರುವ ಮಧ್ಯಪ್ರದೇಶದ ಝಾಬುವಾ ಕಡೆಯ ಕಡಕ್‌ನಾಥ್ ಕೋಳಿಯ ಮಾಂಸಕ್ಕೆ 2018ರಲ್ಲಿ, ಆ ಪ್ರದೇಶದ್ದೇ ವಿಶೇಷವೆಂದು ಗುರುತಿಸುವ ಭೌಗೋಳಿಕ ಸೂಚಕ (ಜಿಐ) ಮಾನ್ಯತೆಯೇ ಸಿಕ್ಕಿದೆ. ಕಪ್ಪು ಕೋಳಿಯೆಂದರೆ ನಮ್ಮ ದೇಶದಲ್ಲಿ ಹೆಚ್ಚು ಬೆಲೆಯ ಕೋಳಿ. ಆಟದಲ್ಲೂ ನನ್ನ ಗೂಡಿನ ಅತ್ಯಂತ ಮುದ್ದಿನ ಕೋಳಿ ಅದೇ.

ಹೊಸದಾಗಿ ಆರಂಭಿಸುವವರು ಮೊದಲು ಒಂದು ಬಿಳಿ, ಒಂದು ಕಂದು ಮರಿಯನ್ನಷ್ಟೇ ಕೊಂಡು, ಉಳಿದ ನಾಣ್ಯವನ್ನು ಗೂಡು ದೊಡ್ಡದು ಮಾಡಿಸಲು ಕೂಡಿಡಲಿ. ಅದಕ್ಕೂ ಮೊದಲು ಹುಲ್ಲು ಕೂಡಿಡುವ ಸಿಲೋ ಎಂಬ ಕಣಜ ಕಟ್ಟಿಸಿರಬೇಕು, ಏಕೆಂದರೆ ಗೂಡಿನಲ್ಲಿ ಪ್ರತಿ ಕೋಳಿಗೂ ದಿನಕ್ಕೊಂದು ಕಟ್ಟು ಹುಲ್ಲು ಬೇಕು ಮತ್ತು ಚಳಿಗಾಲದ 28 ದಿನವೂ ಹೊರಗೆ ಮೇವು ಸಿಗುವುದಿಲ್ಲ. ಒಂದು ಸಿಲೋದಲ್ಲಿ 240 ಕಟ್ಟು ಹಿಡಿಯುತ್ತದೆ; ಎಂಟು ಕೋಳಿಗಳಿಗೆ ಇಡೀ ಚಳಿಗಾಲಕ್ಕೆ 224 ಸಾಕು.