ಶುಗರ್ ಇದ್ದವರ ಕಿಡ್ನಿ: ವಂಶದಿಂದ ಬರುವುದೆಷ್ಟು, ಅದನ್ನು ಹಿಡಿಯುವುದು ಹೇಗೆ

ಇಪ್ಪತ್ತೈದು ವರ್ಷದಿಂದ ಸಕ್ಕರೆ ಕಾಯಿಲೆ ಇದ್ದೂ ಕಿಡ್ನಿಗೆ ಏನೂ ಆಗದವರಿದ್ದಾರೆ. ಹತ್ತು ಹನ್ನೆರಡು ವರ್ಷಕ್ಕೇ ಡಯಾಲಿಸಿಸ್ ಹಂತ ಮುಟ್ಟಿದವರೂ ಇದ್ದಾರೆ. ಇಬ್ಬರ ಎಚ್‌ಬಿಎ1ಸಿ, ಅಂದರೆ ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆಯ ಅಂಕಿ, ಹೆಚ್ಚುಕಡಿಮೆ ಒಂದೇ ಇದ್ದಿರಬಹುದು. ಮಧುಮೇಹಿಗಳಲ್ಲಿ ಮೂತ್ರಪಿಂಡದ ಕಾಯಿಲೆ ಬರುವುದು ನೂರರಲ್ಲಿ ಸುಮಾರು 30ರಿಂದ 40 ಜನರಿಗೆ. ಉಳಿದವರನ್ನು ಕಾಪಾಡಿದ್ದು ಯಾವುದು ಎಂದು ಹುಡುಕುತ್ತಾ ಹೋದರೆ ಉತ್ತರದ ಒಂದು ಪಾಲು ಅವರ ರಕ್ತಸಂಬಂಧದಲ್ಲೇ ಸಿಗುತ್ತದೆ.

1989ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಚಿಕ್ಕ ಅಧ್ಯಯನ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಒಡಹುಟ್ಟಿದವರಿಬ್ಬರಿಗೂ ಟೈಪ್ 1 ಮಧುಮೇಹವಿದ್ದ ಕುಟುಂಬಗಳನ್ನು ತೆಗೆದುಕೊಂಡರು. ಒಬ್ಬರಿಗೆ ಕಿಡ್ನಿ ಕಾಯಿಲೆ ಬಂದಿದ್ದರೆ ಇನ್ನೊಬ್ಬರಲ್ಲೂ ಅದರ ಗುರುತು ಕಂಡದ್ದು ಶೇ. 83ರಷ್ಟು. ಮೊದಲನೆಯವರ ಕಿಡ್ನಿ ಚೆನ್ನಾಗಿದ್ದ ಕುಟುಂಬಗಳಲ್ಲಿ ಶೇ. 17 ಮಾತ್ರ. ಮರುವರ್ಷ ಅಮೆರಿಕದ ಅರಿಜೋನದಲ್ಲಿರುವ ಪಿಮಾ ಎಂಬ ಮೂಲನಿವಾಸಿ ಸಮುದಾಯದಿಂದ ಟೈಪ್ 2 ಮಧುಮೇಹದ ಲೆಕ್ಕ ಬಂತು. ಮಧುಮೇಹವಿದ್ದ ತಂದೆತಾಯಿಯರಲ್ಲಿ ಯಾರಿಗೂ ಮೂತ್ರದಲ್ಲಿ ಪ್ರೋಟೀನ್ ಹೋಗದಿದ್ದರೆ ಮಧುಮೇಹಿ ಮಕ್ಕಳಲ್ಲಿ ಶೇ. 14 ಮಂದಿಗೆ ಆ ತೊಂದರೆ, ಒಬ್ಬರಿಗೆ ಹೋಗುತ್ತಿದ್ದರೆ ಶೇ. 23, ಇಬ್ಬರಿಗೂ ಆದರೆ ಶೇ. 46. ಒಂದೇ ಮನೆಯವರ ಊಟ, ದುಡಿಮೆ, ಬಿಪಿ ಎಲ್ಲ ಒಂದೇ ತರಹ ಇರುವುದರಿಂದ ಇದಷ್ಟನ್ನೂ ವಂಶವಾಹಿಯ ಲೆಕ್ಕಕ್ಕೆ ಬರೆಯುವಂತಿಲ್ಲ. ಆದರೂ ಎಲ್ಲವನ್ನೂ ಶುಗರ್ ಒಂದರ ಮೇಲೆ ಹೊರಿಸಲು ಆಗದು ಎಂಬುದು ಅಂದೇ ಗೊತ್ತಾಯಿತು.

ಆಮೇಲೆ ಶುರುವಾದದ್ದು ಜೀನ್‌ಗಳ ಬೇಟೆ. 1990ರ ದಶಕದಲ್ಲಿ ಎಲ್ಲರ ಕಣ್ಣೂ ಎಸಿಇ ಜೀನ್ ಮೇಲಿತ್ತು, ಏಕೆಂದರೆ ಕಿಡ್ನಿಯೊಳಗಿನ ಒತ್ತಡ ಏರಿಸುವ ಕಿಣ್ವ ಅದರಿಂದಲೇ ತಯಾರಾಗುವುದು. ಒಂದು ಕಡೆ ಸಂಬಂಧ ಕಂಡರೆ ಇನ್ನೊಂದು ಕಡೆ ಕಾಣಲಿಲ್ಲ. ಆಮೇಲೆ ಹೆಸರು ಕೇಳಿಬಂದ ಹಲವು ಜೀನ್‌ಗಳದ್ದೂ ಇದೇ ಪಾಡು. ಬಲವಾದ ಪರಿಣಾಮದ ಒಂದೇ ಜೀನ್ ಇಲ್ಲಿಲ್ಲ. ಸ್ವಲ್ಪಸ್ವಲ್ಪವೇ ಆಚೀಚೆ ತಳ್ಳುವ ಹತ್ತಾರು ಜೀನ್‌ಗಳಿವೆ. ಇದಕ್ಕೆ ದೊಡ್ಡ ಅಪವಾದ ಆಫ್ರಿಕಾ ಮೂಲದವರಲ್ಲಿ ಕಾಣುವ ಎಪಿಒಎಲ್1. ನಿದ್ರಾರೋಗ ತರುವ ಪರಾವಲಂಬಿಯಿಂದ ರಕ್ಷಣೆ ಕೊಟ್ಟ ಅದರ ಜಿ1, ಜಿ2 ರೂಪಗಳೇ, ಅಪ್ಪನಿಂದೊಂದು ಅಮ್ಮನಿಂದೊಂದು ಬಂದು ಸೇರಿದರೆ, ಕಿಡ್ನಿಯನ್ನು ಬೇಗ ಸವೆಸುತ್ತವೆ. ಅದು ಮಧುಮೇಹಕ್ಕಷ್ಟೇ ಅಂಟಿಕೊಂಡ ಜೀನ್ ಅಲ್ಲ, ಮಧುಮೇಹವಿಲ್ಲದವರಲ್ಲೂ ಅದೇ ಕೆಲಸ ಮಾಡುತ್ತದೆ.

ಈವರೆಗೆ ಸಿಕ್ಕಿರುವುದರಲ್ಲಿ ಹೆಚ್ಚು ಪಾಠ ಹೇಳುವುದು ಸಿಒಎಲ್4ಎ3 ಎಂಬ ಜೀನ್. ಕಿಡ್ನಿಯ ಸೋಸುವ ಗಂಟಿನಲ್ಲಿ ರಕ್ತನಾಳದ ಗೋಡೆಗೆ ಆಧಾರವಾಗಿ ಒಂದು ತೆಳು ಪೊರೆಯಿದೆ. ದಪ್ಪ 300ರಿಂದ 400 ನ್ಯಾನೊಮೀಟರ್, ಅಂದರೆ ತಲೆಗೂದಲಿನ ಸುಮಾರು ಇನ್ನೂರನೇ ಒಂದು ಭಾಗ. ಅದನ್ನು ನೇಯುವುದು ಟೈಪ್ 4 ಕೊಲಾಜೆನ್ ಎಂಬ ಎಳೆ. ಆ ಎಳೆಯ ಒಂದು ಹುರಿಯನ್ನು ಈ ಜೀನ್ ಮಾಡುತ್ತದೆ. ಶುಗರ್ ವರ್ಷಗಟ್ಟಲೆ ಏರಿಯೇ ಇದ್ದರೆ ಈ ಪೊರೆ ದಪ್ಪವಾಗುತ್ತಾ ಹೋಗುತ್ತದೆ, ಆದರೆ ಸೋಸುವ ಬಿಗಿ ಸಡಿಲವಾಗುತ್ತದೆ. 2019ರಲ್ಲಿ ಟೈಪ್ 1 ಮಧುಮೇಹವಿದ್ದ 19,406 ಯುರೋಪ್ ಮೂಲದವರ ಜೀನ್‌ಗಳನ್ನು ಜಾಲಾಡಿದಾಗ ಈ ಜೀನಿನ ಒಂದು ರೂಪ ಎದ್ದು ಕಂಡಿತು. ಎಳೆಯ 326ನೇ ಜಾಗದಲ್ಲಿ ಆಸ್ಪಾರ್ಟೇಟ್ ಎಂಬ ಅಮೈನೊ ಆಮ್ಲದ ಬದಲು ಟೈರೋಸಿನ್ ಎಂಬುದು ಕೂತಿತ್ತು, ಅಷ್ಟೇ. ಈ ರೂಪ ಇದ್ದವರ ಪೊರೆ ತುಸು ತೆಳ್ಳಗಿತ್ತು, ಕಿಡ್ನಿ ಕಾಯಿಲೆ ಕಡಿಮೆಯಿತ್ತು. ನನಗೆ ಬಹಳ ಮುಖ್ಯ ಅನಿಸುವುದು ಅದರ ಮುಂದಿನ ಮಾತು: ಈ ರಕ್ಷಣೆ ಎದ್ದು ಕಂಡದ್ದು ಶುಗರ್ ಹತೋಟಿಯಲ್ಲಿ ಇಲ್ಲದವರಲ್ಲಿ. ಜೀನಿನ ವ್ಯತ್ಯಾಸ ಬಯಲಿಗೆ ಬರಲು ಏರಿದ ಶುಗರ್ ಬೇಕಾಯಿತು. ಹಾಗಾಗಿ "ನಮ್ಮ ವಂಶದಲ್ಲೇ ಇದೆ, ಏನು ಮಾಡಿದರೂ ಅಷ್ಟೇ" ಎನ್ನುವುದು ತಪ್ಪು. ಟೈಪ್ 1 ಮಧುಮೇಹಿಗಳಲ್ಲಿ 1983ರಿಂದ 1993ರವರೆಗೆ ನಡೆದ ಡಿಸಿಸಿಟಿ ಪ್ರಯೋಗದಲ್ಲಿ ಎಚ್‌ಬಿಎ1ಸಿಯನ್ನು 9ರ ಆಸುಪಾಸಿನ ಬದಲು 7ರ ಆಸುಪಾಸಿನಲ್ಲಿ ಇಟ್ಟವರಿಗೆ ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನಿನ ಸೋರಿಕೆ ಶುರುವಾಗುವುದು ಶೇ. 39ರಷ್ಟು ತಗ್ಗಿತ್ತು. ಪ್ರಯೋಗ ಮುಗಿದು ಎರಡೂ ಗುಂಪಿನ ಶುಗರ್ ಒಂದೇ ಮಟ್ಟಕ್ಕೆ ಬಂದ ಮೇಲೂ ಆ ಲಾಭ ವರ್ಷಗಟ್ಟಲೆ ಉಳಿಯಿತು.

ಹಾಗಾದರೆ ನಮ್ಮ ಅಪಾಯ ತಿಳಿಯುವುದು ಹೇಗೆ? ದುಡ್ಡಿಲ್ಲದೆ ಆಗುವ ಅತ್ಯುತ್ತಮ ಪರೀಕ್ಷೆ ಮನೆಯವರನ್ನು ಕೇಳುವುದು. ಕೇಳುವ ರೀತಿ ಮುಖ್ಯ. "ಯಾರಿಗಾದರೂ ಕಿಡ್ನಿ ಕಾಯಿಲೆ ಇತ್ತಾ?" ಎಂದರೆ ಇಲ್ಲ ಎಂದೇ ಉತ್ತರ ಬರುತ್ತದೆ, ಏಕೆಂದರೆ ಹಿಂದಿನವರಿಗೆ ಆ ಹೆಸರೇ ಯಾರೂ ಹೇಳಿರಲಿಲ್ಲ. ಡಯಾಲಿಸಿಸ್ ಆಗಿತ್ತಾ, ಕೊನೆಕೊನೆಗೆ ಕಾಲು, ಮುಖ ಊದಿಕೊಳ್ಳುತ್ತಿತ್ತಾ, ಮೂತ್ರ ನೊರೆನೊರೆ ಅನ್ನುತ್ತಿದ್ದರಾ, ನಲವತ್ತರೊಳಗೇ ಬಿಪಿ ಮಾತ್ರೆ ಶುರುವಾಗಿತ್ತಾ, ಶುಗರ್‌ನಿಂದ ಕಣ್ಣಿಗೆ ಲೇಸರ್ ಮಾಡಿಸಿದ್ದರಾ, ಕಿವಿ ಬೇಗ ಮಂದವಾಯಿತಾ ಎಂದು ಕೇಳಬೇಕು. ಅಪ್ಪ, ಅಮ್ಮ, ಒಡಹುಟ್ಟಿದವರು, ಅಜ್ಜ ಅಜ್ಜಿ, ಎರಡೂ ಕಡೆಯ ದೊಡ್ಡಪ್ಪ, ಸೋದರತ್ತೆ, ಸೋದರಮಾವ ಎಲ್ಲರನ್ನೂ ಒಂದು ಹಾಳೆಯಲ್ಲಿ ಬರೆದು ಪಕ್ಕದಲ್ಲಿ ಶುಗರ್ ಯಾವ ವಯಸ್ಸಿಗೆ, ಕಿಡ್ನಿ ಯಾವ ವಯಸ್ಸಿಗೆ ಎಂದು ಗುರುತು ಹಾಕಿ. ಅಪ್ಪ ಅಮ್ಮ ಹತ್ತಿರದ ನೆಂಟರೇ ಆಗಿದ್ದರೆ ಅದನ್ನೂ ಬರೆಯಿರಿ. ನಿಮ್ಮ ಜನನ ತೂಕ ಗೊತ್ತಿದ್ದರೆ ಅದೂ ಇರಲಿ: ಎರಡೂವರೆ ಕೆಜಿಗಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಸೋಸುವ ಘಟಕಗಳೇ ಕಡಿಮೆ ಇರುವ ಸಾಧ್ಯತೆ ಹೆಚ್ಚು, ಮತ್ತು ಹುಟ್ಟಿದ ಮೇಲೆ ಅವು ಹೊಸದಾಗಿ ಬೆಳೆಯುವುದಿಲ್ಲ.

ಈ ಹಾಳೆ ಕೆಲವೊಮ್ಮೆ ಬೇರೆಯದೇ ಕಥೆ ಹೇಳುತ್ತದೆ. ಮಧುಮೇಹವಿದ್ದವರ ಕಿಡ್ನಿ ಕೆಟ್ಟಿತು ಎಂದಾಕ್ಷಣ ಅದು ಮಧುಮೇಹದಿಂದಲೇ ಕೆಟ್ಟಿತು ಎಂದಲ್ಲ. ಶುಗರ್ ಮತ್ತು ಕಿವುಡು ಎರಡೂ ತಾಯಿಯ ಕಡೆಯಿಂದಲೇ ಇಳಿದು ಬಂದಿದ್ದರೆ ತಾಯಿಯಿಂದಷ್ಟೇ ಬರುವ, ಜೀವಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯದ ದೋಷವನ್ನು ನೆನೆಯಬೇಕು. ಚಿಕ್ಕ ವಯಸ್ಸಿಗೆ ಶುಗರ್, ಜೊತೆಗೆ ಸ್ಕ್ಯಾನಿನಲ್ಲಿ ಕಿಡ್ನಿಯ ನೀರ್ಗುಳ್ಳೆ, ರಕ್ತದಲ್ಲಿ ಮೆಗ್ನೀಸಿಯಂ ಕಡಿಮೆ ಇದ್ದರೆ ಎಚ್‌ಎನ್‌ಎಫ್1ಬಿ ಜೀನ್. ಮೂತ್ರದಲ್ಲಿ ಕೆಂಪು ರಕ್ತಕಣ ಹೋಗುತ್ತಲೇ ಇದ್ದು ಮನೆಯಲ್ಲಿ ಕಿವುಡಿದ್ದರೆ ಆಲ್ಪೋರ್ಟ್ ಎಂಬ, ವಂಶದಿಂದ ಬರುವ ಕಿಡ್ನಿ ಕಾಯಿಲೆ. ಅದರ ಜೀನ್‌ಗಳಲ್ಲಿ ಒಂದು ಮೇಲೆ ಹೇಳಿದ ಸಿಒಎಲ್4ಎ3ಯೇ. ಇಂಥ ಕಡೆ ಜೀನ್ ಪರೀಕ್ಷೆಗೆ ನಿಜವಾದ ಬೆಲೆಯಿದೆ, ಚಿಕಿತ್ಸೆಯ ದಾರಿಯೇ ಬದಲಾಗಬಹುದು. ಟೈಪ್ 1 ಬಂದು ಐದು ವರ್ಷದೊಳಗೇ ಪ್ರೋಟೀನ್ ಹೋಗತೊಡಗಿದರೆ, ಅಥವಾ ಕೆಲವೇ ತಿಂಗಳಲ್ಲಿ ಕಿಡ್ನಿ ಕುಸಿದರೆ ಕಿಡ್ನಿ ತಜ್ಞರಿಗೆ ತೋರಿಸಿ. ಟೈಪ್ 1 ಇದ್ದವರ ಕಣ್ಣಿನ ಪರದೆ ಚೊಕ್ಕಟವಾಗಿದ್ದೂ ಕಿಡ್ನಿ ಕೆಟ್ಟಿದ್ದರೆ ಅದೂ ಅನುಮಾನಕ್ಕೆ ಕಾರಣ.

ಹಾಳೆ ಅಪಾಯ ಹೇಳಿತು. ಕಾಯಿಲೆ ಶುರುವಾಗಿದೆಯೇ ಎಂದು ಹೇಳುವುದು ಮೂತ್ರದ ಎಸಿಆರ್, ಅಂದರೆ ಅಲ್ಬುಮಿನ್ ಮತ್ತು ಮಾಂಸಖಂಡದಿಂದ ಬರುವ ತ್ಯಾಜ್ಯವಾದ ಕ್ರಿಯಾಟಿನಿನ್ ಅನುಪಾತ. ಟೈಪ್ 2 ಇದ್ದವರು ಕಾಯಿಲೆ ಗೊತ್ತಾದಾಗಲೇ, ಟೈಪ್ 1 ಇದ್ದವರು ಐದು ವರ್ಷ ಕಳೆದ ಮೇಲೆ ಶುರುಮಾಡಿ ವರ್ಷಕ್ಕೊಮ್ಮೆ ಮಾಡಿಸಬೇಕು. ಮೂತ್ರದಲ್ಲಿ ಅದ್ದಿ ಬಣ್ಣ ನೋಡುವ ಸಾಮಾನ್ಯ ಪಟ್ಟಿಗೆ ಮೊದಲ ಹಂತದ ಸೋರಿಕೆ ಕಾಣುವುದಿಲ್ಲ. ಬರೀ ಅಲ್ಬುಮಿನ್ ಅಳೆದರೂ ಮೋಸ. ಒಬ್ಬರ ಮೂತ್ರದಲ್ಲಿ ಲೀಟರಿಗೆ 40 ಮಿಲಿಗ್ರಾಂ ಅಲ್ಬುಮಿನ್, 2 ಗ್ರಾಂ ಕ್ರಿಯಾಟಿನಿನ್ ಇದ್ದರೆ ಅನುಪಾತ 20, ತೊಂದರೆಯಿಲ್ಲ. ಇನ್ನೊಬ್ಬರು ನೀರು ಚೆನ್ನಾಗಿ ಕುಡಿದು ಬಂದಿದ್ದಾರೆ, ಅಲ್ಬುಮಿನ್ 20 ಮಾತ್ರ, ಆದರೆ ಕ್ರಿಯಾಟಿನಿನ್ 0.4 ಗ್ರಾಂ, ಅನುಪಾತ 50. ಸೋರುತ್ತಿರುವುದು ಎರಡನೆಯವರಿಗೆ. ಗ್ರಾಂಗೆ 30 ಮಿಲಿಗ್ರಾಂ ದಾಟಿದರೆ ಗಮನ ಬೇಕು, 300 ದಾಟಿದರೆ ಸೋರಿಕೆ ಜೋರಾಗಿದೆ ಎಂದರ್ಥ.

ಬೆಳಿಗ್ಗೆ ಎದ್ದ ಕೂಡಲೇ ಹೋಗುವ ಮೂತ್ರವನ್ನೇ ಕೊಡಿ. ಹಿಂದಿನ 24 ಗಂಟೆಯಲ್ಲಿ ಮೈಬೆವರುವ ವ್ಯಾಯಾಮ ಬೇಡ. ಜ್ವರ, ಮೂತ್ರದ ಸೋಂಕು, ಮುಟ್ಟಿನ ದಿನಗಳು, ಶುಗರ್ ತೀರಾ ಏರಿದ ದಿನಗಳಲ್ಲಿ ಕೊಟ್ಟರೆ ಅಂಕಿ ಸುಳ್ಳಾಗಿ ಏರುತ್ತದೆ. ಒಂದು ವರದಿ ನೋಡಿ ಹೆದರಬೇಡಿ, ಒಂದು ವರದಿ ನೋಡಿ ನಿರಾಳವೂ ಆಗಬೇಡಿ: ಮೂರರಿಂದ ಆರು ತಿಂಗಳೊಳಗೆ ಮೂರು ಸಲ ಮಾಡಿಸಿ ಎರಡು ಸಲ ಏರಿದ್ದರೆ ಮಾತ್ರ ಖಚಿತ. ಜೊತೆಗೆ ರಕ್ತದ ಕ್ರಿಯಾಟಿನಿನ್‌ನಿಂದ ಲೆಕ್ಕ ಹಾಕಿದ ಇಜಿಎಫ್‌ಆರ್, ಅಂದರೆ ಕಿಡ್ನಿ ನಿಮಿಷಕ್ಕೆ ಎಷ್ಟು ಸೋಸುತ್ತದೆ ಎಂಬ ಅಂದಾಜು, ಬೇಕು. ಮಾಂಸಖಂಡ ಕರಗಿ ಬಡಕಲಾದವರಲ್ಲಿ ಕ್ರಿಯಾಟಿನಿನ್ ಕಡಿಮೆ ಬಂದು ಕಿಡ್ನಿ ಚೆನ್ನಾಗಿರುವಂತೆ ತೋರುತ್ತದೆ. ಅವರಿಗೆ ಮಾಂಸಖಂಡವನ್ನು ಅಷ್ಟಾಗಿ ಅವಲಂಬಿಸದ ಸಿಸ್ಟಾಟಿನ್ ಸಿ ಎಂಬ ರಕ್ತಪರೀಕ್ಷೆ ಒಳ್ಳೆಯದು.

ಮನೆತನದಲ್ಲಿ ಕಾಯಿಲೆ ಇದೆ ಎಂಬ ಒಂದೇ ಕಾರಣಕ್ಕೆ, ಬಿಪಿ ಮತ್ತು ಎಸಿಆರ್ ಎರಡೂ ಸರಿಯಿರುವಾಗ, ಎಸಿಇ ತಡೆಯುವ ಮಾತ್ರೆ ಶುರುಮಾಡುವುದರಲ್ಲಿ ಲಾಭ ಕಂಡಿಲ್ಲ. ಸೋರಿಕೆ ಖಚಿತವಾದ ಮೇಲೆ ಮಾತ್ರ ತಡಮಾಡಬಾರದು. ರಾಮಿಪ್ರಿಲ್, ಲೋಸಾರ್ಟನ್ ಜಾತಿಯ ಮಾತ್ರೆ ಶುರುಮಾಡಿದ 2ರಿಂದ 4 ವಾರದಲ್ಲಿ ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡಬೇಕು. ಕ್ರಿಯಾಟಿನಿನ್ ಶೇ. 30ರವರೆಗೆ ಏರುವುದು ಸೋಸುವ ಗಂಟಿನ ಒತ್ತಡ ಇಳಿದ ಗುರುತು. ಇಲ್ಲಿ ಗಾಬರಿಯಾಗಿ ಮಾತ್ರೆ ಬಿಡುವುದೇ ನಾನು ಹೆಚ್ಚಾಗಿ ಕಾಣುವ ತಪ್ಪು. ಬಸುರಿಯಾಗುವ ಯೋಚನೆಯಿರುವವರು ಮೊದಲೇ ವೈದ್ಯರಿಗೆ ಹೇಳಬೇಕು, ಈ ಮಾತ್ರೆಗಳು ಮಗುವಿಗೆ ಹಾನಿ ಮಾಡುತ್ತವೆ. ಟೈಪ್ 2 ಇದ್ದವರಿಗೆ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಜಾತಿಯ ಔಷಧಗಳನ್ನು ಇಜಿಎಫ್‌ಆರ್ 20ಕ್ಕೆ ಇಳಿದಿದ್ದರೂ ಶುರುಮಾಡಬಹುದು. ವಾಂತಿ ಭೇದಿಯಾಗಿ ಊಟ ಸೇರದ ದಿನಗಳಲ್ಲಿ ಇವನ್ನು ನಿಲ್ಲಿಸಬೇಕು, ಇಲ್ಲವಾದರೆ ಕೊಬ್ಬು ಕರಗಿದಾಗ ಹುಟ್ಟುವ ಕೀಟೋನ್ ಎಂಬ ಆಮ್ಲ ರಕ್ತದಲ್ಲಿ ಏರಿ ಜೀವಕ್ಕೆ ಕುತ್ತು. ಯಾವ ದಿನ ಮತ್ತೆ ಶುರು ಎಂಬುದನ್ನು ವೈದ್ಯರ ಬಳಿ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಈ ಯಾವ ಔಷಧ ಕೊಡುವುದಕ್ಕೂ ಜೀನ್ ವರದಿ ಬೇಕಿಲ್ಲ.

ಎಂಜಲು ಕಳಿಸಿದರೆ ಅಪಾಯದ ಅಂಕ ಹೇಳುತ್ತೇವೆ ಎನ್ನುವ ಕಿಟ್‌ಗಳನ್ನು ಇದಕ್ಕಾಗಿ ಕೊಳ್ಳಬೇಡಿ ಎಂದೇ ನನ್ನ ಸಲಹೆ. ಆ ಅಂಕಗಳ ಹಿಂದಿರುವ ದತ್ತಾಂಶ ಬಹುಪಾಲು ಯುರೋಪ್ ಮೂಲದವರದ್ದು, ಬೇರೆ ಜನಾಂಗಕ್ಕೆ ಹಾಕಿದಾಗ ಅಳತೆ ತಪ್ಪುತ್ತದೆ. ಅಂಕ ಕಡಿಮೆ ಬಂತೆಂದು ಎಸಿಆರ್ ಬಿಟ್ಟವರಿಗೆ ನಷ್ಟವೇ ಹೆಚ್ಚು.

ವಂಶದ ಲೆಕ್ಕ ತಪ್ಪದೆ ಹಾಕಬೇಕಾದ ಇನ್ನೊಂದು ಜಾಗ ಕಿಡ್ನಿ ದಾನ. ಕೊಡಲು ಮುಂದೆ ಬರುವವರು ಸಾಮಾನ್ಯವಾಗಿ ಅಕ್ಕ, ತಮ್ಮ, ಮಗ, ಮಗಳು. ರೋಗಿಯ ಅಪಾಯದ ಜೀನ್‌ಗಳಲ್ಲಿ ಸುಮಾರು ಅರ್ಧ ಅವರಲ್ಲೂ ಇರುತ್ತವೆ. ದಾನಿಗೆ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ಶುಗರ್ ನೋಡಿ, ಎಸಿಆರ್ ಮತ್ತೆ ಮತ್ತೆ ಅಳೆದು, ಮೂತ್ರದಲ್ಲಿ ರಕ್ತಕಣ ಹುಡುಕಬೇಕು. ದಾನಿಗೆ ಇಪ್ಪತ್ತೈದು ವರ್ಷವಾಗಿದ್ದರೆ ಇನ್ನಷ್ಟು ಎಚ್ಚರ ಬೇಕು: ಇಂದಿನ ವರದಿ ಎಷ್ಟೇ ಶುದ್ಧವಾಗಿದ್ದರೂ, ಅಪ್ಪನಿಗೆ ನಲವತ್ತಕ್ಕೆ ಬಂದ ಶುಗರ್ ಮಗನಿಗೆ ಬರಲು ಇನ್ನೂ ಹದಿನೈದು ವರ್ಷ ಬಾಕಿಯಿರುತ್ತದೆ, ಆಗ ಅವನ ಬಳಿ ಇರುವುದು ಒಂದೇ ಕಿಡ್ನಿ.